ಹಳೇ ಕಂಪ್ಯೂಟರ್‌ಗೆ ಲಿನಕ್ಸ್: ನುಡಿ ಫೈಲಿನಿಂದ ಪ್ರಿಂಟರ್‌ವರೆಗೆ ಒಂದೊಂದೇ ಹೆಜ್ಜೆ

ಗದಗ-ಬೆಟಗೇರಿಯಲ್ಲಿ ನನ್ನ ಕಾಕಾ ಒಂದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ನಡೆಸುತ್ತಾರೆ. ಅಲ್ಲಿ ಎರಡು ಕಂಪ್ಯೂಟರ್. 2025ರ ದೀಪಾವಳಿ ಹೊತ್ತಿಗೆ ಎರಡರ ಪರದೆ ಮೇಲೂ ಒಂದೇ ನೋಟೀಸು: ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ. ಕಾಕಾ ಫೋನ್ ಮಾಡಿದರು. "ಏನ್ ತಮ್ಮಾ, ಎರಡೂ ಗುಜರಿಗೆ ಹಾಕೂದೇನು? ಅಂಗಡ್ಯಾವ ಹೊಸಾವು ತಗೋರಿ ಅನ್ನಾಕತ್ತಾನ." ನಾನು ಅಂದೆ, "ಗಡಿಬಿಡಿ ಮಾಡಬ್ಯಾಡ್ರಿ ಕಾಕಾ, ರವಿವಾರ ಬರ್ತೀನಿ."

ಆ ರವಿವಾರ ನಾಲ್ಕು ರವಿವಾರ ಆಯಿತು. ಒಂದು ಯಂತ್ರ ಈಗ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಲ್ಲಿ ನಡೆಯುತ್ತಿದೆ, ಇನ್ನೊಂದು ವಿಂಡೋಸ್‌ನಲ್ಲೇ ಉಳಿದಿದೆ. ಹಾಗೆ ಯಾಕೆ ಉಳಿಯಿತು ಅನ್ನುವುದೂ ಮುಂದೆ ಬರುತ್ತದೆ. ಲಿನಕ್ಸ್ ಹಾಕುವ ಕೆಲಸ ಅರ್ಧ ತಾಸಿನದು. ನಮ್ಮ ಕಡೆ ನಿಜವಾದ ತೊಡಕು ಹಳೇ ಕನ್ನಡ ಫೈಲುಗಳದ್ದು ಮತ್ತು ಪ್ರಿಂಟರ್‌ದ್ದು. ಇವೆರಡನ್ನೂ ವಿಂಡೋಸ್ ಇರುವಾಗಲೇ ನೋಡಿಕೊಳ್ಳಬೇಕು. ಡಿಸ್ಕ್ ಅಳಿಸಿದ ಮೇಲೆ ನೆನಪಾದರೆ ಏನೂ ಮಾಡಲು ಬರುವುದಿಲ್ಲ.

ಬೆಂಬಲ ಮುಗಿದರೆ ಆಗುವುದೇನು?

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಹಾಗಂತ ಕಂಪ್ಯೂಟರ್ ಬಂದ್ ಆಗುವುದಿಲ್ಲ, ಎಂದಿನಂತೆ ಶುರುವಾಗುತ್ತದೆ. ಆದರೆ ಇನ್ನು ಮುಂದೆ ಅದರಲ್ಲಿ ಹೊಸ ಭದ್ರತೆಯ ತೂತು ಸಿಕ್ಕರೆ ಮುಚ್ಚುವವರಿಲ್ಲ. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಗಿರಾಕಿಗಳ ಪೆನ್ ಡ್ರೈವ್ ಇವೆಲ್ಲ ದಿನಾ ಓಡಾಡುವ ಅಂಗಡಿಯಲ್ಲಿ ಅದು ಸಣ್ಣ ಮಾತಲ್ಲ.

ಸ್ವಲ್ಪ ಸಮಯ ಬೇಕಿದ್ದರೆ ಒಂದು ದಾರಿ ಇದೆ. ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆ ಇಟ್ಟಿತು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸೇರಿಕೊಳ್ಳುವ ಕೊಂಡಿ ಕಾಣುತ್ತದೆ. ನಾನೂ ಮೊದಲು ಅದನ್ನೇ ಮಾಡಿದೆ. ಅವಸರದಲ್ಲಿ ಮಾಡುವ ಕೆಲಸ ಅಲ್ಲ ಇದು.

ವಿಂಡೋಸ್ 11 ಹಾಕಬಹುದಲ್ಲ ಅಂತ ಕೇಳಬಹುದು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಿಮ್ಮದರಲ್ಲಿ ಇವು ಇದ್ದರೆ ಸುಮ್ನೆ 11ಕ್ಕೆ ಹೋಗಿ, ಅದು ಉಚಿತ. ಕಾಕಾನವು 4ನೇ ತಲೆಮಾರಿನ ಐ3. ಆ ಬಾಗಿಲು ಮುಚ್ಚಿತ್ತು.

ಮೊದಲು ಒಂದು ಹಾಳೆ, ಒಂದು ಪೆನ್ನು

ಕಂಪ್ಯೂಟರ್ ಮುಟ್ಟುವ ಮೊದಲು, ಅದರಲ್ಲಿ ದಿನಾ ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ. ಯಂತ್ರ ಬಳಸುವವರನ್ನೇ ಕೂರಿಸಿಕೊಂಡು ಬರೆಯಿರಿ. ಕಾಕಾನ ಪಟ್ಟಿ ಹೀಗಿತ್ತು: ಪಹಣಿ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಕನ್ನಡ ಅರ್ಜಿ ಟೈಪ್ ಮಾಡುವುದು, ಫೋಟೋ ಸಣ್ಣದು ಮಾಡುವುದು, ಸ್ಕ್ಯಾನ್, ಪ್ರಿಂಟ್, ಲಗ್ನಪತ್ರಿಕೆ ಡಿಸೈನ್.

ಬ್ರೌಸರ್‌ನಲ್ಲಿ ಆಗುವುದೆಲ್ಲ ಲಿನಕ್ಸ್‌ನಲ್ಲೂ ಆಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಇವೆ. ವಾಟ್ಸಾಪ್ ಕೂಡ ಬ್ರೌಸರ್‌ನಲ್ಲೇ ನಡೆಯುತ್ತದೆ. ಪಟ್ಟಿಯ ಅರ್ಧ ಇಲ್ಲೇ ಮುಗಿಯಿತು.

ಇನ್ನು ಆಗದಿರುವ ಕೆಲಸಗಳು. ಲೆಕ್ಕಪತ್ರದ ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಡಿಸೈನ್, ಪುಟ ಜೋಡಣೆಗೆ ಬಳಸುವ ಕೋರೆಲ್‌ಡ್ರಾ, ಪೇಜ್‌ಮೇಕರ್ ಕೂಡ ಲಿನಕ್ಸ್‌ಗಿಲ್ಲ. ವೈನ್ ಎಂಬ ಸಾಧನದ ಮೂಲಕ ಕೆಲವು ವಿಂಡೋಸ್ ಪ್ರೋಗ್ರಾಂ ಓಡಿಸಬಹುದು. ಆದರೆ ಹೊಟ್ಟೆಪಾಡಿನ ಕೆಲಸವನ್ನು ವೈನ್ ನಂಬಿ ಬಿಡಬೇಡಿ. ಆಧಾರ್ ಬೆರಳಚ್ಚಿನ ಯಂತ್ರ ಇಟ್ಟುಕೊಂಡವರು, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಕೂಡ ಆ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಇಡುವುದು ಒಳ್ಳೆಯದು.

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು. ಇಲ್ಲಿನ ಪ್ರೆಸ್‌ಗಳಲ್ಲಿ ವರ್ಷಗಟ್ಟಲೆಯ ಕೋರೆಲ್ ಫೈಲುಗಳು ಬಿದ್ದಿರುತ್ತವೆ. ಇಂಕ್‌ಸ್ಕೇಪ್ ಎಂಬ ಉಚಿತ ಪ್ರೋಗ್ರಾಂ ಕೋರೆಲ್ ಫೈಲನ್ನು ತೆರೆಯುತ್ತದೆ ನಿಜ. ವರ್ಡ್, ಎಕ್ಸೆಲ್‌ಗಳಿಗೆ ಬದಲಿಯಾದ ಉಚಿತ ಲಿಬ್ರೆ ಆಫೀಸ್‌ನ ಡ್ರಾ ಹಳೇ ಪೇಜ್‌ಮೇಕರ್ ಫೈಲನ್ನೂ ತೆರೆಯುತ್ತದೆ. ಆದರೆ ಅಕ್ಷರ ಅಲುಗಾಡಿರುತ್ತದೆ, ಬಣ್ಣದ ನೆರಳು ಬೇರೆ ಆಗಿರುತ್ತದೆ. ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ಹಾರಿಹೋದರೆ ಬೀಗರ ಹೆಸರೇ ಬದಲಾಗುತ್ತದೆ ನೋಡಿ. ಅದಕ್ಕೇ ಕಾಕಾನ ಡಿಸೈನ್ ಯಂತ್ರವನ್ನು ನಾವು ಮುಟ್ಟಲಿಲ್ಲ. ಅದರ ಇಂಟರ್ನೆಟ್ ವೈರ್ ಕಿತ್ತಿಟ್ಟೆವು, ಅಷ್ಟೇ. ಇನ್ನೊಂದು ಯಂತ್ರದಲ್ಲಿ, ಅರ್ಜಿ ತುಂಬುವ ಕಡೆ, ಲಿನಕ್ಸ್.

ಯಂತ್ರದ ತಾಕತ್ತು

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಗೆ ಅಬೌಟ್. ಅಲ್ಲಿ ರ್‍ಯಾಮ್ ಎಷ್ಟು, 64-ಬಿಟ್ ಹೌದೋ ಅಲ್ಲವೋ ನೋಡಿ. 32-ಬಿಟ್ ಪ್ರೊಸೆಸರ್ ಆದರೆ ದಾರಿ ಕಿರಿದು. ಹಳೇ ಯಂತ್ರಗಳ ಗೆಳೆಯ ಅನ್ನಿಸಿಕೊಂಡಿದ್ದ ಡೆಬಿಯನ್ ಎಂಬ ಲಿನಕ್ಸ್ ಕೂಡ 13ನೇ ಆವೃತ್ತಿಯಿಂದ 32-ಬಿಟ್ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿದೆ.

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ವಿಂಡೋಸ್ ಬಳಸಿದವರಿಗೆ ಕೈ ಕೂಡಲೇ ಹತ್ತುತ್ತದೆ. ಅದರ 22ನೇ ಸರಣಿಗೆ 2029ರವರೆಗೆ ಬೆಂಬಲ ಇದೆ. 8 ಜಿಬಿ ರ್‍ಯಾಮ್ ಇದ್ದರೆ ಸಿನಮನ್ ಆವೃತ್ತಿ ಇಳಿಸಿಕೊಳ್ಳಿ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಹಗುರ. 2 ಜಿಬಿಯಲ್ಲೂ ಮಿಂಟ್ ಏಳುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ.

ಇಲ್ಲೊಂದು ಖರ್ಚು ಮಾಡಿ ಅಂತ ನಾನೇ ಹೇಳುತ್ತೇನೆ. ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಒಂದು ಸಣ್ಣ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ತನ್ನಿ. 240 ಜಿಬಿ ಸಾಕು. ವೇಗದ ಲಾಭ ಒಂದು. ಅದಕ್ಕಿಂತ ದೊಡ್ಡ ಲಾಭ, ಹಳೇ ಡಿಸ್ಕ್ ಬಿಚ್ಚಿ, ವಿಂಡೋಸ್ ಸಮೇತ, ಕಪಾಟಿನಲ್ಲಿ ಇಡಬಹುದು. ಲಿನಕ್ಸ್ ಒಗ್ಗಲಿಲ್ಲ ಅಂದರೆ ಅದನ್ನು ವಾಪಸ್ ಸಿಕ್ಕಿಸಿದರೆ ಆಯಿತು. ಅಳಿಸಿಹೋಗುವ ಭಯವೇ ಇಲ್ಲ.

ವಿಂಡೋಸ್‌ನಲ್ಲೇ ಎರಡು ವಾರ ರೂಢಿ

ಜನ ಲಿನಕ್ಸ್ ಬಿಟ್ಟು ಓಡುವುದು ಹೆಚ್ಚಾಗಿ ಎಲ್ಲವೂ ಒಂದೇ ದಿನ ಬದಲಾದಾಗ. ಹಾಗಾಗಿ ಮೊದಲು ಪ್ರೋಗ್ರಾಂ ಬದಲಿಸಿ, ವಿಂಡೋಸ್ ಹಾಗೇ ಇರಲಿ. ವರ್ಡ್, ಎಕ್ಸೆಲ್ ಬದಲು ಲಿಬ್ರೆ ಆಫೀಸ್. ಫೋಟೋ ಕೆಲಸಕ್ಕೆ ಜಿಂಪ್. ಸಿನಿಮಾ, ಹಾಡಿಗೆ ವಿಎಲ್‌ಸಿ. ಇವೆಲ್ಲ ವಿಂಡೋಸ್‌ನಲ್ಲೂ ಓಡುತ್ತವೆ, ಲಿನಕ್ಸ್‌ನಲ್ಲೂ ಹೀಗೇ ಇರುತ್ತವೆ. ಎರಡು ವಾರ ಬಳಸಿ. ಕಾಕಾ ಮೊದಲ ಮೂರು ದಿನ ಬೈದರು, ಆಮೇಲೆ ಪಾಸ್‌ಪೋರ್ಟ್ ಫೋಟೋ ಎಂಟು ಜೋಡಿಸುವುದನ್ನು ಲಿಬ್ರೆ ಆಫೀಸ್‌ನಲ್ಲಿ ನನಗೇ ಹೇಳಿಕೊಟ್ಟರು.

ನುಡಿ ಫೈಲುಗಳು: ಇಲ್ಲಿ ಸಾವಕಾಶ

ಕನ್ನಡ ಗಣಕ ಪರಿಷತ್ತಿನ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ನಮ್ಮ ಆಫೀಸು, ಅಂಗಡಿಗಳಲ್ಲಿ ಮನೆಮಾತಾಗಿದೆ. ಆದರೆ ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲಿನ ಒಳಗೆ ಇರುವುದು ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಫಾಂಟ್ ಕನ್ನಡದ ಅಂಗಿ ತೊಡಿಸಿರುತ್ತದೆ, ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಂಗಿ ಕಳಚಿ ಬರೀ ಗೀಚು ಕಾಣುತ್ತದೆ. ಯೂನಿಕೋಡ್ ಎಂಬ, ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತದಲ್ಲಿ ಬರೆದದ್ದು ಮಾತ್ರ ಎಲ್ಲೇ ತೆರೆದರೂ ಕನ್ನಡವೇ.

ನಿಮ್ಮ ಫೈಲು ಯಾವ ಬಗೆ ಅಂತ ತಿಳಿಯುವುದು ಸುಲಭ. ಒಂದು ಸಾಲು ಆರಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಉಳಿದರೆ ಯೂನಿಕೋಡ್. ಗೀಚು ಆದರೆ ಹಳೆಯದು.

ಹಳೆಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ ನುಡಿಯ ಜೊತೆಗೇ ಬರುತ್ತದೆ. ವಿಂಡೋಸ್ ಇರುವಾಗಲೇ ಆ ಕೆಲಸ ಮುಗಿಸಿ. ಮೂಲ ಫೈಲನ್ನು ಅಳಿಸಬೇಡಿ, ಪಕ್ಕದಲ್ಲೇ ಹೊಸ ಹೆಸರಿನಲ್ಲಿ ಇಡಿ. ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು ಇರುವ ಪದ, ಒತ್ತಿಗೆ ಒತ್ತು ಬರುವ ಪದ ನೋಡಿ. 'ಲಕ್ಷ್ಮೇಶ್ವರ' ಸರಿಯಾಗಿ ಬಂದಿದ್ದರೆ ಉಳಿದದ್ದೂ ಬಹುತೇಕ ಸರಿ ಅಂತ ನನ್ನ ಲೆಕ್ಕ. ಇನ್ನೊಂದು ಕಡೆ ಎಡವುತ್ತದೆ: ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅವನ್ನು ಕೈಯಿಂದಲೇ ತಿದ್ದಬೇಕು. ಸಾವಿರ ಫೈಲು ಇದ್ದರೆ ಎಲ್ಲ ಮಾಡಬೇಡಿ. ಪದೇಪದೇ ಬೇಕಾಗುವ ಅರ್ಜಿ ನಮೂನೆ, ಬಾಡಿಗೆ ಕರಾರು, ಅಫಿಡವಿಟ್‌ನಂಥ ಮೂವತ್ತು ನಲವತ್ತು ಸಾಕು. ಉಳಿದವನ್ನು ಓದಲಿಕ್ಕೆ ಬೇಕಾದರೆ ನುಡಿಯ ಫಾಂಟ್ ಫೈಲುಗಳನ್ನು ನಕಲು ಮಾಡಿಟ್ಟುಕೊಂಡು ಲಿನಕ್ಸ್‌ನಲ್ಲೂ ಹಾಕಿಕೊಳ್ಳಬಹುದು.

ನಕಲು, ಇನ್ನೊಂದು ನಕಲು

ಎಸ್‌ಎಸ್‌ಡಿ ತರದೆ ಹಳೇ ಡಿಸ್ಕ್‌ನಲ್ಲೇ ಹಾಕುವವರು ಇದನ್ನು ಎರಡು ಸಲ ಓದಿ. ನನ್ನ ಸ್ವಂತ ಲ್ಯಾಪ್‌ಟಾಪ್‌ಗೆ ಮೊದಲ ಸಲ ಲಿನಕ್ಸ್ ಹಾಕಿದಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎರಡನ್ನೂ ನೀಟಾಗಿ ನಕಲು ಮಾಡಿದ್ದೆ. ತಂಗಿಯ ನಿಶ್ಚಿತಾರ್ಥದ ಫೋಟೋಗಳು ಮಾತ್ರ ಡಿ ಡ್ರೈವ್‌ನ 'ನ್ಯೂ ಫೋಲ್ಡರ್ 3'ರಲ್ಲಿದ್ದವು. ಹೋದವು. ಅವ್ವ ಇವತ್ತಿಗೂ ಆ ಮಾತು ತೆಗೆಯುತ್ತಾಳೆ.

ಹಾಗಾಗಿ ಎಲ್ಲ ಡ್ರೈವ್ ತೆರೆದು ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್, ಹೆಸರಿಲ್ಲದ ಫೋಲ್ಡರ್‌ಗಳು. ಹೊರಗಿನ ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ, ಮುಖ್ಯವಾದವು ಮತ್ತೊಂದು ಕಡೆ. ನಕಲಾದ ಮೇಲೆ ನಾಲ್ಕು ಫೈಲು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಇವೆ, ಮರೆಯಬೇಡಿ.

ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವುದಾದರೆ ಇನ್ನೆರಡು ಕೆಲಸ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು ಬೀಗ ತೆಗೆಸಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲು ಬರುವುದಿಲ್ಲ.

ಪೆನ್ ಡ್ರೈವ್ ತಯಾರಿ

8 ಜಿಬಿಯ ಪೆನ್ ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಯುತ್ತದೆ. ಮಿಂಟ್‌ನ ಅಧಿಕೃತ ತಾಣದಿಂದ ಇಡೀ ಮಿಂಟ್ ಒಳಗೊಂಡ ಐಎಸ್‌ಒ ಫೈಲು ಇಳಿಸಿಕೊಳ್ಳಿ, ಸುಮಾರು 3 ಜಿಬಿ ಇರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿದವರು ಫೈಲು ಪೂರ್ತಿ ಬಂದಿದೆಯೇ ಅಂತ ಪರೀಕ್ಷಿಸಿ. 7-ಜಿಪ್ ಹಾಕಿಕೊಂಡಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಎಂಬ ಅದರ ಗುರುತಿನ ಸಂಖ್ಯೆ ತೆಗೆಯಬಹುದು. ತಾಣದಲ್ಲಿ ಕೊಟ್ಟ ಸಂಖ್ಯೆಗೆ ಅದು ಹೊಂದಿದರೆ ಸರಿ. ನಂತರ ರೂಫಸ್ ಎಂಬ ಸಣ್ಣ ಪ್ರೋಗ್ರಾಂ ತೆರೆದು, ಪೆನ್ ಡ್ರೈವ್ ಆರಿಸಿ, ಐಎಸ್‌ಒ ತೋರಿಸಿ, ಸ್ಟಾರ್ಟ್ ಒತ್ತಿ. ಯಾವ ಬಗೆಯಲ್ಲಿ ಬರೆಯಲಿ ಅಂತ ಕೇಳಿದರೆ ಅದು ಸೂಚಿಸಿದ್ದನ್ನೇ ಒಪ್ಪಿ.

ಹಾಕುವ ಮೊದಲು ಓಡಿಸಿ ನೋಡುವುದು

ಕಂಪ್ಯೂಟರ್ ಬಂದ್ ಮಾಡಿ, ಪೆನ್ ಡ್ರೈವ್ ಸಿಕ್ಕಿಸಿ, ಚಾಲೂ ಮಾಡಿದ ಕೂಡಲೇ ಬೂಟ್ ಮೆನುವಿನ ಕೀ ಟಪಟಪ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪಟ್ಟಿಯಲ್ಲಿ ಪೆನ್ ಡ್ರೈವ್ ಆರಿಸಿದರೆ ಮಿಂಟ್ ಏಳುತ್ತದೆ. ಇದಿನ್ನೂ ಡಿಸ್ಕ್ ಮುಟ್ಟಿಲ್ಲ, ಪೆನ್ ಡ್ರೈವ್‌ನಿಂದಲೇ ಓಡುತ್ತಿದೆ. ಹಾಗಾಗಿ ಸ್ವಲ್ಪ ನಿಧಾನ.

ಈಗ ಒಂದು ತಾಸು ಆಟ ಆಡಿ. ವೈಫೈ ಹತ್ತುತ್ತದೆಯೇ? ಸೌಂಡ್ ಬರುತ್ತದೆಯೇ? ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಏಳುತ್ತದೆಯೇ? ಕ್ಯಾಮೆರಾ ಕಾಣುತ್ತದೆಯೇ? ವೈಫೈ ಹತ್ತದಿದ್ದರೆ ಗಾಬರಿ ಬೇಡ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ಇಂಟರ್ನೆಟ್ ಬರುತ್ತದೆ. ಮುಂದೆ ಡ್ರೈವರ್ ಮ್ಯಾನೇಜರ್ ವೈಫೈಗೆ ಬೇಕಾದ ಡ್ರೈವರ್ ಹುಡುಕಿಕೊಡುತ್ತದೆ.

ಪ್ರಿಂಟರ್ ಪರೀಕ್ಷೆಯನ್ನು ತಪ್ಪಿಸಲೇಬೇಡಿ. ಎಚ್‌ಪಿ ಪ್ರಿಂಟರ್‌ಗಳಿಗೆ ಕಂಪನಿಯದೇ ಎಚ್‌ಪಿಲಿಪ್ ಡ್ರೈವರ್ ಇದೆ, ಬಹಳಷ್ಟು ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತವೆ. ಇತ್ತೀಚಿನ ವೈಫೈ ಪ್ರಿಂಟರ್‌ಗಳೂ ಅಷ್ಟೇ. ಆದರೆ ಅಂಗಡಿ ಅಂಗಡಿಯಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಬೇರೆ ಜಾತಿ. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಡ್ರೈವರನ್ನು ಬೇರೆಯಾಗಿ ತಂದು ಹಾಕಬೇಕು, ಹೊಸಬರಿಗೆ ಅದು ತಲೆನೋವು. ಕಾಕಾನ ಅಂಗಡಿಯಲ್ಲಿ ಆ ಪ್ರಿಂಟರ್ ವಿಂಡೋಸ್ ಯಂತ್ರಕ್ಕೇ ಉಳಿಯಿತು. ಲಿನಕ್ಸ್ ಯಂತ್ರಕ್ಕೆ ಎಚ್‌ಪಿಯದು ಬಂತು. ಎರಡು ಟೇಬಲ್ ಜಾಗ ಬದಲಿಸಿದೆವು, ಅಷ್ಟೇ ಆದ ಕೆಲಸ.

ಈಗ ಹಾಕುವುದು

ಕರೆಂಟ್ ನೋಡಿಕೊಳ್ಳಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಇವತ್ತು ಬೇಡ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ ಕೇಳುತ್ತದೆ. ಕನ್ನಡ ಇದೆ, ಆದರೆ ಅನುವಾದ ಪೂರ್ತಿ ಆಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ. ಮೆನು ಇಂಗ್ಲಿಷ್‌ನಲ್ಲಿಟ್ಟು ಟೈಪಿಂಗ್ ಕನ್ನಡದಲ್ಲಿ ಮಾಡುವುದು ನನಗೆ ಸರಿ ಅನ್ನಿಸಿತು. ಮಲ್ಟಿಮೀಡಿಯಾ ಕೋಡೆಕ್ ಬೇಕೇ ಅಂದಲ್ಲಿ ಟಿಕ್ ಮಾಡಿ, ಇಲ್ಲದಿದ್ದರೆ ಕೆಲವು ವಿಡಿಯೋ ಓಡುವುದಿಲ್ಲ.

ಮುಂದಿನ ಪುಟದಲ್ಲಿ ಕೈ ತಡೆಯಿರಿ. ಡಿಸ್ಕ್ ಪೂರ್ತಿ ಅಳಿಸು ಅನ್ನುವುದು ಒಂದು ಆಯ್ಕೆ, ವಿಂಡೋಸ್ ಪಕ್ಕದಲ್ಲಿ ಹಾಕು ಅನ್ನುವುದು ಇನ್ನೊಂದು. ಹೊಸ ಎಸ್‌ಎಸ್‌ಡಿ ಒಂದೇ ಇದ್ದರೆ ಅಳಿಸುವುದನ್ನೇ ಆರಿಸಿ. ಪಕ್ಕದಲ್ಲಿ ಹಾಕುವುದಾದರೆ ಲಿನಕ್ಸ್‌ಗೆ 60 ಜಿಬಿಯಾದರೂ ಕೊಡಿ. ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಯಾವುದು ಯಾವುದು ಅಂತ ಗೊಂದಲ ಆಗುತ್ತದೆ, ಬೇಡವಾದದ್ದರ ಕೇಬಲ್ ಕಿತ್ತುಬಿಡುವುದೇ ಜಾಣತನ.

ಊರು ಕೇಳಿದಾಗ ಕೋಲ್ಕತ್ತಾ ಸಮಯ. ಆಮೇಲೆ ಹೆಸರು, ಪಾಸ್‌ವರ್ಡ್. ಈ ಪಾಸ್‌ವರ್ಡ್ ಮುಂದೆ ಪ್ರೋಗ್ರಾಂ ಹಾಕುವಾಗೆಲ್ಲ ಬೇಕು, ಎಲ್ಲಾದರೂ ಬರೆದಿಡಿ. ಅರ್ಧ ತಾಸಿನೊಳಗೆ ಮುಗಿಯುತ್ತದೆ. ಚಹಾ ಕುಡಿದು ಬನ್ನಿ.

ಮೊದಲ ದಿನದ ಕೆಲಸ

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ಡ್ರೈವರ್ ಮ್ಯಾನೇಜರ್ ಒಮ್ಮೆ ಓಡಿಸಿ. ನಂತರ ಟೈಮ್‌ಶಿಫ್ಟ್. ಇದು ಸಿಸ್ಟಮ್‌ನ ಈಗಿನ ಸ್ಥಿತಿಯನ್ನು ಹಿಡಿದಿಡುತ್ತದೆ. ನಾಳೆ ಏನೋ ಒತ್ತಿ ಕೆಡಿಸಿಕೊಂಡರೆ ಇವತ್ತಿನ ಸ್ಥಿತಿಗೆ ವಾಪಸ್ ಹೋಗಬಹುದು. ನಿಮ್ಮ ಫೋಟೋ, ಪತ್ರಗಳ ಬ್ಯಾಕಪ್ ಮಾತ್ರ ಇದಲ್ಲ, ಅದು ಬೇರೆ.

ಹೊಸ ಪ್ರೋಗ್ರಾಂ ಬೇಕಾದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಹುಡುಕಿ. ಎಲ್ಲೆಲ್ಲಿಂದಲೋ ಸೆಟಪ್ ಫೈಲು ಇಳಿಸಿ ಡಬಲ್ ಕ್ಲಿಕ್ ಮಾಡುವ ಚಟ ಇಲ್ಲಿ ಬಿಡಬೇಕು. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೂ ಅಲ್ಲೇ ಸಿಗುತ್ತವೆ.

ಕನ್ನಡ ಟೈಪಿಂಗ್‌ಗೆ ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಹುಡುಕಿದರೆ 'ಕಗಪ ಫೊನೆಟಿಕ್' ಅಂತ ಒಂದು ಸಿಗುತ್ತದೆ. ಇದು ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ನಾವೆಲ್ಲ ಬಳಸುವ ವಿನ್ಯಾಸದ್ದೇ ಮನೆತನ. ಆದರೆ ಸ್ವರಗಳನ್ನು ಒತ್ತುವ ರೀತಿ ಸ್ವಲ್ಪ ಬೇರೆ, ನುಡಿಯ ಕೈಗೆ ತಡವರಿಸುತ್ತದೆ. ಅದಕ್ಕಿಂತ ಎರಡನೇ ದಾರಿ ಒಳ್ಳೆಯದು: ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ (ibus-m17n) ಎಂಬ ಟೈಪಿಂಗ್ ಸಾಧನ ಹುಡುಕಿ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಐಬಸ್‌ನ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಈಗ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ ನೋಡಿ. 'ಕನ್ನಡ' ಅಂತ ಬರಬೇಕು. ಅದೇ ಎಫ್ ಕೀಯಿಂದಲೇ ಒತ್ತಕ್ಷರ. ಕಾಕಾ ಇದನ್ನು ನೋಡಿ "ಹಂಗಾರ ಇದು ನಮ್ದ ನುಡಿ ಐತಿ ಬಿಡು" ಅಂದರು. ಅಲ್ಲಿಗೆ ಅರ್ಧ ಗೆದ್ದೆ ಅಂದುಕೊಂಡೆ.

ಎರಡೂ ಸಿಸ್ಟಮ್ ಇಟ್ಟುಕೊಂಡವರಿಗೆ ಒಂದು ವಿಚಿತ್ರ ಕಾಣಬಹುದು. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ತಾಸು ತಪ್ಪು ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ. ಒಂದು ಸಿಸ್ಟಮ್ ಒಳಗಿನ ಗಡಿಯಾರವನ್ನು ಅಂತರರಾಷ್ಟ್ರೀಯ ಸಮಯದಲ್ಲಿ ಇಡುತ್ತದೆ, ಇನ್ನೊಂದು ಊರಿನ ಸಮಯದಲ್ಲಿ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ಸಿಂಕ್ ಒತ್ತಿದರೆ ಸರಿಯಾಗುತ್ತದೆ.

ಮೊದಲ ತಿಂಗಳು

ಕಾಕಾನ ಡೆಸ್ಕ್‌ಟಾಪ್ ಮೇಲೆ ಅವರಿಗೆ ಬೇಕಾದ ಐದೇ ಐಕಾನ್ ಇಟ್ಟೆ, ಹಳೇ ಜಾಗದಲ್ಲೇ. ಫೈಲುಗಳನ್ನು ಹೊರಗೆ ಕೊಡುವುದಿದ್ದರೆ ವರ್ಡ್ ಬಗೆಯಲ್ಲೇ ಉಳಿಯುವಂತೆ ಲಿಬ್ರೆ ಆಫೀಸ್‌ನ ಸೆಟ್ಟಿಂಗ್ ಬದಲಿಸಿದೆ. ಬೇರೆ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವುದಾದರೆ ಪಿಡಿಎಫ್ ಮಾಡಿಯೇ ಒಯ್ಯಿರಿ, ಅಕ್ಷರ ಜಾಗ ಬಿಡುವುದಿಲ್ಲ.

ಎರಡನೇ ವಾರ ಕಾಕಾನ ಫೋನ್ ಮತ್ತೆ ಬಂತು. ಗಿರಾಕಿಯೊಬ್ಬರ ಪೆನ್ ಡ್ರೈವ್‌ಗೆ ಹಾಕಿಕೊಟ್ಟ ಫೈಲು ಅವರ ಮನೆಯಲ್ಲಿ ಖಾಲಿ ಬಂದಿತ್ತು. ನಕಲು ಮುಗಿಯಿತು ಅಂತ ಕಂಡ ಕೂಡಲೇ ಕಿತ್ತು ಕೊಟ್ಟಿದ್ದರು. ಲಿನಕ್ಸ್ ಬರೆಯುವುದನ್ನು ಸ್ವಲ್ಪ ಹೊತ್ತು ನೆನಪಿನಲ್ಲೇ ಹಿಡಿದುಕೊಂಡಿರುತ್ತದೆ, ಇಜೆಕ್ಟ್ ಒತ್ತಿದಾಗ ಪೂರ್ತಿ ಬರೆದು ಬಿಡುತ್ತದೆ. ಈಗ ಮಾನಿಟರ್ ಅಂಚಿಗೆ ಕಾಕಾ ಒಂದು ಚೀಟಿ ಅಂಟಿಸಿದ್ದಾರೆ: "ಪೆನ್ ಡ್ರೈವ್ ಹಂಗ ಕೀಳಬ್ಯಾಡ್ರಿ." ಅದನ್ನು ಟೈಪ್ ಮಾಡಿದ್ದು ಲಿನಕ್ಸ್ ಯಂತ್ರದಲ್ಲೇ.